ಮಕ್ಕಳು ಆಡುವ ಮರಳು, ಕರು ಕಟ್ಟುವ ಮಣ್ಣು



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಖನಿಜ ಮಿಶ್ರಣ, ಬೆದೆ ಗುರುತಿಸುವ ಬಗೆ, ಹಸಿರು ಮೇವು ಮುಂತಾದ ವಿಷಯಗಳನ್ನು ತಾವು ಓದುತ್ತಿರುತ್ತೀರಿ. ಈ ಬಾರಿ ನಾಯಿಮರಿಗಳಿಂದ ಪ್ರಾರಂಭಿಸಿ ಕರುಗಳಲ್ಲಿಗೆ ಬರುತ್ತೇನೆ. ನಡುವೆ ಮಕ್ಕಳ ವಿಷಯವೂ ಬರುತ್ತದೆ. ಸ್ವಲ್ಪ ಸುತ್ತುದಾರಿ ಎನಿಸಿದರೂ ಕೊನೆಯವರೆಗೆ ಓದಬೇಕಾಗಿ ವಿನಂತಿ.

ನನ್ನ ವ್ಯಾಪ್ತಿಯ ಒಂದು ಸಂಘದಲ್ಲಿ ಕೆಲವು ವರ್ಷಗಳ ಹಿಂದೆ ಹೊಸ ಕೊಠಡಿ ಕಟ್ಟುವ ಸಲುವಾಗಿ ಡೇರಿಯ ಮುಂದೆ ಎರಡು ಲೋಡು ಮರಳು ಇಳಿಸಿದ್ದರು. ಕಟ್ಟಡದ ಕೆಲಸ ನಾನಾ ಕಾರಣಗಳಿಂದ ನಿಂತುಹೋಯಿತು, ಮರಳು ಅಲ್ಲೇ ಉಳಿಯಿತು. ಪಕ್ಕದಲ್ಲಿಯೇ ಅಂಗನವಾಡಿ. ಬೆಳಿಗ್ಗೆ ಸಂಜೆ ಹಾಲು ಹಾಕಲು ಬರುವ ತಾಯಂದಿರ ಸೆರಗು ಹಿಡಿದು ಬಂದ ಮಕ್ಕಳಿಗೆ ಆ ಗುಡ್ಡೆಯೇ ಆಟದ ಬಯಲಾಯಿತು. ಮರಳಿನಲ್ಲಿ ಕಾಲು ಹೂತು ಗುಬ್ಬಿಗೂಡು ಕಟ್ಟುವುದು, ಜಾರುವುದು, ತೆಂಗಿನ ಚಿಪ್ಪಿನಲ್ಲಿ ಮರಳು ತುಂಬಿ ಇಡ್ಲಿ ಹಾಕುವುದು, ಹೀಗೆ ಹೊತ್ತು ಹೋಗುತ್ತಿತ್ತು.

ಡೇರಿ ಇದ್ದಲ್ಲಿ ನಾಯಿ ಇರುವುದು ತಮಗೆ ಗೊತ್ತೇ ಇದೆ. ಪರೀಕ್ಷೆಗೆ ತೆಗೆದ ಹಾಲು, ಅಳತೆ ಮಾಡುವಾಗ ಚೆಲ್ಲಿದ ಹಾಲು, ಕ್ಯಾನು ತೊಳೆದ ನೀರು ಇವು ಬೀಳುವ ಹೊತ್ತಿಗೆ ಸರಿಯಾಗಿ ಊರ ನಾಯಿಗಳು ಬಂದು ಕೂರುತ್ತವೆ. ಕಾರ್ಯದರ್ಶಿಗಳು ತಡವಾಗಿ ಬಂದರೂ ಅವು ತಡ ಮಾಡುವುದಿಲ್ಲ. ಅಂಥದೊಂದು ಹೆಣ್ಣು ನಾಯಿ ಪಶು ಆಹಾರದ ಚೀಲ ಜೋಡಿಸಿದ ಹಲಗೆಯ ಕೆಳಗೆ ಆರು ಮರಿ ಹಾಕಿತ್ತು. ನಾನು ಅಲ್ಲಿಗೆ ಗರ್ಭ ಪರೀಕ್ಷೆಗೆ ಹೋಗಿದ್ದಾಗ ಆ ಮರಿಗಳನ್ನು ನೋಡಿದೆ. ಹೊಟ್ಟೆ ಬಿಗಿದ ತಮಟೆಯಂತೆ, ಕಾಲು ಕಡ್ಡಿಯಂತೆ, ಮೈಮೇಲಿನ ಕೂದಲು ಒರಟು. ಒಂದು ಮರಿ ವಾಂತಿ ಮಾಡಿದ್ದರಲ್ಲಿ ಬಿಳಿಯ ಹುಳುಗಳು ಸುರುಳಿ ಸುತ್ತಿಕೊಂಡಿದ್ದವು. ಜಂತುಹುಳು ಎಂದು ನೋಡಿದ ಕೂಡಲೇ ತಿಳಿಯಿತು. ಆದರೆ ಅಂದು ಹದಿನಾಲ್ಕು ಹಸುಗಳ ಪರೀಕ್ಷೆ ಬಾಕಿ ಇತ್ತು. ನಾಯಿ ನನ್ನ ಪಟ್ಟಿಯಲ್ಲಿರಲಿಲ್ಲ. ನಾನು ಕೈತೊಳೆದುಕೊಂಡು ಮುಂದಿನ ಊರಿಗೆ ಹೊರಟೆ.

ಎರಡು ಮಳೆಗಾಲ ಕಳೆದ ಮೇಲೆ ಅದೇ ಊರಿನ ಸದಸ್ಯರೊಬ್ಬರ ಆರು ವರ್ಷದ ಮಗನಿಗೆ ಶಾಲೆಯ ಹಲಗೆ ಮೇಲಿನ ಅಕ್ಷರ ಕಾಣುತ್ತಿಲ್ಲವೆಂದು ಮೇಡಂ ಗುರುತಿಸಿದರು. ಒಂದು ಕಣ್ಣು ಸ್ವಲ್ಪ ಮೆಳ್ಳೆ ಆಗಿತ್ತು. ಚೆನ್ನಾಗಿದ್ದ ಕಣ್ಣನ್ನು ಕೈಯಿಂದ ಮುಚ್ಚಿದರೆ ಎದುರಿಗಿದ್ದ ಅಮ್ಮನ ಮುಖ ಕಾಣುತ್ತಿರಲಿಲ್ಲ. ದೊಡ್ಡ ಊರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದರು. ಕಣ್ಣಿನ ಒಳಪರೆಯಲ್ಲಿ ಗಾಯದ ಗಂಟು ಇದೆ, ನಾಯಿಯ ಜಂತುಹುಳುವಿನ ಮರಿ ಅಲ್ಲಿಗೆ ಹೋಗಿ ಸೇರಿದ್ದರಿಂದ ಹೀಗಾಗಿದೆ, ಉರಿ ಇಳಿಸಬಹುದು, ಹೋದ ದೃಷ್ಟಿ ಪೂರ್ತಿ ಬರುವುದು ಕಷ್ಟ ಎಂದು ವೈದ್ಯರು ತಿಳಿಸಿದರಂತೆ. ಅವನ ತಂದೆ ಆ ಚೀಟಿ ಹಿಡಿದು ನನ್ನಲ್ಲಿಗೆ ಬಂದರು. "ಸಾರ್, ನಾಯಿ ಹುಳ ಕಣ್ಣಿಗೆ ಹೆಂಗ್ ಹೋಯ್ತದೆ? ನಮ್ಮನೇಲಿ ನಾಯೀನೇ ಸಾಕಿಲ್ಲ" ಎಂದರು.

ಅದು ಆ ಮರಳಿನಿಂದಲೇ ಬಂದಿತೆಂದು ಪ್ರಮಾಣ ಮಾಡಿ ಹೇಳಲು ಯಾರಿಂದಲೂ ಆಗದು. ಮಗು ಬೇರೆಲ್ಲೋ ಮಣ್ಣಾಡಿರಬಹುದು. ಆದರೆ ಅವರ ಪ್ರಶ್ನೆಗೆ ಅಂದು ನಿಂತು ಕೊಟ್ಟ ಉತ್ತರ ನನಗೇ ಸಾಲದೆನಿಸಿತು. ಆ ಉತ್ತರವನ್ನೇ ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಹುಳು ಹೊಟ್ಟೆಯಿಂದ ಮಣ್ಣಿಗೆ, ಮಣ್ಣಿನಿಂದ ಬಾಯಿಗೆ

ನಾಯಿಯ ಈ ದುಂಡುಹುಳುವಿಗೆ ಟಾಕ್ಸೊಕಾರಾ ಕ್ಯಾನಿಸ್ ಎಂದು ಹೆಸರು. ಮರಿಯ ಸಣ್ಣ ಕರುಳಿನಲ್ಲಿ ವಾಸ. ಒಂದು ಹೆಣ್ಣು ಹುಳು ದಿನವೊಂದಕ್ಕೆ ಎರಡು ಲಕ್ಷದವರೆಗೆ ಮೊಟ್ಟೆ ಇಡಬಲ್ಲದು. ಮೊಟ್ಟೆ ಎಷ್ಟು ಚಿಕ್ಕದೆಂದರೆ ಹನ್ನೆರಡು ಹದಿಮೂರು ಮೊಟ್ಟೆಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. ಬರಿಗಣ್ಣಿಗೆ ಕಾಣುವ ಮಾತೇ ಇಲ್ಲ.

ಮಲದೊಡನೆ ಈಗತಾನೆ ಹೊರಬಿದ್ದ ಮೊಟ್ಟೆ ಯಾರಿಗೂ ಹುಳು ಹತ್ತಿಸಲಾರದು. ಅದರೊಳಗೆ ಮರಿಹುಳು ಬೆಳೆಯಬೇಕು. ಅದಕ್ಕೆ ತೇವ, ನೆರಳು, ಗಾಳಿ ಮತ್ತು ನಮ್ಮ ಕಡೆಯ ಹವೆಯಲ್ಲಿ ಸುಮಾರು ಎರಡು ಮೂರು ವಾರ ಕಾಲ ಬೇಕು. ಅಷ್ಟರಲ್ಲಿ ಮಲ ಒಣಗಿ ಪುಡಿಯಾಗಿ, ಮಳೆಗೆ ಕರಗಿ, ಕಾಲಿಗೆ ಸಿಕ್ಕಿ ಮಾಯವಾಗಿರುತ್ತದೆ. ನೆಲ ನೋಡಲು ಚೊಕ್ಕಟವಾಗಿರುತ್ತದೆ. ಮೊಟ್ಟೆ ಮಾತ್ರ ಮರಳಿನ ಕಣಗಳ ನಡುವೆ ಉಳಿದು, ಆಗಲೇ ಅಪಾಯಕಾರಿಯಾಗುತ್ತದೆ. ಕಣ್ಣಿಗೆ ಅಸಹ್ಯವಾಗಿ ಕಾಣುವ ಹಸಿ ಮಲವನ್ನು ಕಂಡು ಮಗುವನ್ನು ಆಚೆ ಎಳೆಯುತ್ತೇವೆ. ತಿಂಗಳ ನಂತರ ಅದೇ ಜಾಗದಲ್ಲಿ ನಿಶ್ಚಿಂತೆಯಿಂದ ಕೂರಿಸುತ್ತೇವೆ. ಈ ಹುಳುವಿನ ಮಟ್ಟಿಗೆ ಲೆಕ್ಕ ತಲೆಕೆಳಗು.

ಇದರ ಚಿಪ್ಪು ಬಹಳ ಗಟ್ಟಿ, ಹಲವು ಪದರಗಳದ್ದು. ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಫಿನಾಯಿಲ್, ಸುಣ್ಣ, ಬ್ಲೀಚಿಂಗ್ ಪುಡಿ ಯಾವುದಕ್ಕೂ ಇದು ಜಗ್ಗುವುದಿಲ್ಲ. ಸಂಘದವರೊಬ್ಬರು ಮರಳಿನ ಮೇಲೆ ಎರಡು ಬಾಟಲಿ ಫಿನಾಯಿಲ್ ಚೆಲ್ಲಿ ನನ್ನ ಮುಂದೆ ಹೆಮ್ಮೆಯಿಂದ ಹೇಳಿಕೊಂಡರು. ಮರಳಿಗೆ ಆಸ್ಪತ್ರೆಯ ವಾಸನೆ ಬಂದದ್ದೇ ಲಾಭ. ಕುದಿಯುವ ನೀರು, ಬೆಂಕಿ, ಚೆನ್ನಾಗಿ ಬೆಂದ ತಿಪ್ಪೆಯ ಶಾಖ, ತೆಳ್ಳಗೆ ಹರಡಿದ ಮೇಲೆ ಹಲವು ದಿನ ಬೀಳುವ ಸುಡುಬಿಸಿಲು ಇವಕ್ಕೆ ಮಾತ್ರ ಸಾಯುತ್ತದೆ. ಆಟದ ಬಯಲನ್ನೆಲ್ಲ ಬೇಯಿಸುವುದು ಆಗುವ ಕೆಲಸವಲ್ಲ. ಒಮ್ಮೆ ಮಣ್ಣಿಗೆ ಸೇರಿತೆಂದರೆ ನಮ್ಮ ಕೈ ತಪ್ಪಿತು ಎಂದೇ ತಿಳಿಯಬೇಕು.

ಮಗು ಮರಳಾಡಿದ ಬೆರಳನ್ನು ಬಾಯಿಗಿಟ್ಟಾಗ ಅಥವಾ ಮಣ್ಣು ತಿಂದಾಗ ಮೊಟ್ಟೆ ಹೊಟ್ಟೆಗೆ ಸೇರುತ್ತದೆ. ಕರುಳಿನಲ್ಲಿ ಚಿಪ್ಪು ಬಿಚ್ಚಿ ಮರಿಹುಳು ಹೊರಬರುತ್ತದೆ. ಅದಕ್ಕೆ ಬೇಕಾದುದು ನಾಯಿಯ ಮೈ. ಮನುಷ್ಯನ ಮೈಯಲ್ಲಿ ಅದು ದೊಡ್ಡದಾಗಲಾರದು, ಮೊಟ್ಟೆಯನ್ನೂ ಇಡಲಾರದು. ದಾರಿ ತಪ್ಪಿದ ಹುಳು ಕರುಳಿನ ಗೋಡೆ ಕೊರೆದು, ರಕ್ತದಲ್ಲಿ ಸೇರಿ ಈಲಿ, ಶ್ವಾಸಕೋಶ, ಕೆಲವೊಮ್ಮೆ ಮೆದುಳು, ಕಣ್ಣು ಹೀಗೆ ಅಲೆಯುತ್ತದೆ. ಬಹಳಷ್ಟು ಮಕ್ಕಳಿಗೆ ಏನೂ ತಿಳಿಯುವುದೇ ಇಲ್ಲ. ಹೆಚ್ಚು ಮೊಟ್ಟೆ ನುಂಗಿದವರಿಗೆ ಬಿಡದ ಜ್ವರ, ಕೆಮ್ಮು, ಗೊರಗೊರ ಉಬ್ಬಸ, ಹೊಟ್ಟೆನೋವು, ಈಲಿ ಊತ ಬರಬಹುದು. ಕಣ್ಣಿಗೆ ಹೋಗಲು ಒಂದೇ ಒಂದು ಮರಿಹುಳು ಸಾಕು. ಸಾಮಾನ್ಯವಾಗಿ ಒಂದೇ ಕಣ್ಣಿಗೆ ಆಗುವುದರಿಂದ ಮತ್ತು ಮಗು ಇನ್ನೊಂದು ಕಣ್ಣಿನಿಂದ ಎಲ್ಲ ಕೆಲಸ ಮಾಡಿಕೊಳ್ಳುವುದರಿಂದ ತಾಯಿತಂದೆಗಳಿಗೆ ತಿಳಿಯುವುದು ತಡ. ಮಗುವಿಗೆ ಮೆಳ್ಳೆಗಣ್ಣು ಹೊಸದಾಗಿ ಕಂಡರೆ, ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ, ಒಂದು ಕಣ್ಣು ಮುಚ್ಚಿದಾಗ ತಡವರಿಸಿದರೆ ಕೂಡಲೇ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಬಿಳಿ ಹೊಳಪಿಗೆ ಬೇರೆ ಗಂಭೀರ ಕಾರಣಗಳೂ ಇರುವುದರಿಂದ ದಿನ ದೂಡಬಾರದು.

ಇನ್ನೊಂದು ಮಾತು. ಇಂಥ ಮಗುವಿನ ಮಲ ಪರೀಕ್ಷೆ ಮಾಡಿಸಿದರೆ ಏನೂ ಸಿಗುವುದಿಲ್ಲ. ಹುಳು ಮನುಷ್ಯನಲ್ಲಿ ಮೊಟ್ಟೆ ಇಡುವುದೇ ಇಲ್ಲವಲ್ಲ. ರಕ್ತ ಪರೀಕ್ಷೆಯಿಂದ ವೈದ್ಯರು ಪತ್ತೆ ಮಾಡುತ್ತಾರೆ. 2015ರಿಂದ ಫೆಬ್ರವರಿ ಮತ್ತು ಆಗಸ್ಟ್ 10ರ ಸುಮಾರಿಗೆ ಶಾಲೆ ಅಂಗನವಾಡಿಗಳಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನು ತಪ್ಪದೆ ಕೊಡಿಸಿರಿ. ಅದು ಮನುಷ್ಯರ ಕರುಳಿನ ಹುಳುಗಳಿಗೆ ಒಳ್ಳೆಯದು. ಆದರೆ ಮೈಯೊಳಗೆ ಅಲೆಯುವ ಈ ಹುಳುವಿಗೆ ಆ ಒಂದು ಮಾತ್ರೆ ಸಾಲುವುದಿಲ್ಲ, ಮರುದಿನ ಮತ್ತೆ ಬಾಯಿಗೆ ಹೋಗುವ ಮಣ್ಣನ್ನೂ ಅದು ತಡೆಯುವುದಿಲ್ಲ.

ಇದು ತಿಳಿದದ್ದು ಹೇಗೆ?

ಈ ವಿಚಾರ ನಮ್ಮ ದೇಶದಲ್ಲಿ ಮೊದಲು ಬೆಳಕಿಗೆ ಬಂದುದಲ್ಲ. ಅಮೆರಿಕದಲ್ಲಿ 1950ರಲ್ಲಿ ಹೆಲೆನಾರ್ ವೈಲ್ಡರ್ ಎಂಬ ಕಣ್ಣಿನ ರೋಗಶಾಸ್ತ್ರಜ್ಞೆ, ಕ್ಯಾನ್ಸರ್ ಇರಬಹುದೆಂಬ ಸಂಶಯದಿಂದ ಶಸ್ತ್ರಚಿಕಿತ್ಸೆ ಮಾಡಿ ತೆಗೆದಿದ್ದ ಮಕ್ಕಳ ಕಣ್ಣುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. 46 ಕಣ್ಣುಗಳ ಪೈಕಿ 24ರಲ್ಲಿ ಅವರಿಗೆ ಸಿಕ್ಕಿದ್ದು ಒಂದು ಹುಳುವಿನ ಮರಿಯ ಗುರುತು. ಅಂದರೆ ಅಷ್ಟು ಮಕ್ಕಳ ಕಣ್ಣು ಕ್ಯಾನ್ಸರ್ ಇಲ್ಲದೆಯೇ ಹೋಗಿತ್ತು. ಓದಿದಾಗಲೆಲ್ಲ ಮನಸ್ಸು ಮುದುಡುವ ವರದಿ ಅದು. ಎರಡು ವರ್ಷದ ನಂತರ, 1952ರಲ್ಲಿ, ನ್ಯೂ ಆರ್ಲಿಯನ್ಸ್ ನಗರದ ಪಾಲ್ ಬೀವರ್ ಮತ್ತು ಅವರ ಸಂಗಡಿಗರು ಚಿಕ್ಕ ಮಕ್ಕಳ ಈಲಿ ಊತಕ್ಕೆ ನಾಯಿಯ ಈ ಹುಳುವೇ ಕಾರಣವೆಂದು ತೋರಿಸಿಕೊಟ್ಟರು.

ಬ್ರಿಟನ್ನಿನಲ್ಲಿ ಸಾರ್ವಜನಿಕ ಉದ್ಯಾನಗಳಿಂದ 800 ಮಣ್ಣಿನ ಮಾದರಿ ತೆಗೆದು ಪರೀಕ್ಷಿಸಿ 1973ರಲ್ಲಿ ಪ್ರಕಟಿಸಿದರು. ಹತ್ತಿರ ಹತ್ತಿರ ನಾಲ್ಕರಲ್ಲಿ ಒಂದು ಮಾದರಿಯಲ್ಲಿ ಈ ಜಾತಿಯ ಹುಳುವಿನ ಮೊಟ್ಟೆ ಇತ್ತು. ನಂತರ 1996ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ, ಸಾರ್ವಜನಿಕ ಜಾಗದಲ್ಲಿ ತನ್ನ ನಾಯಿ ಮಾಡಿದ ಮಲವನ್ನು ಒಡೆಯನೇ ಎತ್ತಬೇಕೆಂದು ಕಾನೂನು ಬಂತು. ನಾವು ಪಟ್ಟಣದ ಪಾರ್ಕಿನಲ್ಲಿ ಕೈಗೆ ಚೀಲ ಹಾಕಿಕೊಂಡು ನಾಯಿಯ ಹಿಂದೆ ನಡೆಯುವವರನ್ನು ಕಂಡು ನಗುತ್ತೇವೆ. ಅದರ ಹಿಂದೆ ಇಷ್ಟು ಕಥೆ ಇದೆ.

ನಮ್ಮ ಹಳ್ಳಿಗಳಲ್ಲಿ ಪಾರ್ಕು ಇಲ್ಲದಿರಬಹುದು. ಶಾಲೆಯ ಮೈದಾನ, ಅಂಗನವಾಡಿಯ ಅಂಗಳ, ಅರಳಿಕಟ್ಟೆಯ ಸುತ್ತ, ಜಾತ್ರೆ ಮಾಳ, ಮನೆ ಕಟ್ಟುವವರ ಮರಳು ಗುಡ್ಡೆ, ಕೊನೆಗೆ ನಮ್ಮ ಡೇರಿಯ ಮುಂಭಾಗ ಇವೇ ನಮ್ಮ ಮಕ್ಕಳ ಪಾರ್ಕುಗಳು. ಇವುಗಳಲ್ಲಿ ಮರಳು ಗುಡ್ಡೆಯ ಬಗ್ಗೆಯೇ ನನಗೆ ಹೆಚ್ಚು ಭಯ. ನಾಯಿಗೆ ಅದು ತಂಪಾದ ಹಾಸಿಗೆ. ಬೆಕ್ಕಿಗಂತೂ ಕೆದರಿ, ಮಲ ಮಾಡಿ, ಮುಚ್ಚಲು ಹೇಳಿ ಮಾಡಿಸಿದ ಜಾಗ. ಬೆಕ್ಕು ಮುಚ್ಚುವುದರಿಂದ ನಮಗೆ ಕಾಣುವುದೂ ಇಲ್ಲ. ಬೆಕ್ಕಿಗೂ ಅದರದೇ ಟಾಕ್ಸೊಕಾರಾ ಇದೆ. ಜೊತೆಗೆ ಬೆಕ್ಕಿನ ಮಲದಲ್ಲಿ ಬರುವ ಟಾಕ್ಸೊಪ್ಲಾಸ್ಮಾ ಎಂಬ ಇನ್ನೊಂದು ಪರಾವಲಂಬಿ ಗರ್ಭಿಣಿಯರಿಗೆ, ಗಬ್ಬದ ಕುರಿ ಮೇಕೆಗಳಿಗೆ ಕೆಟ್ಟದ್ದು.

ಕಾಲಿನ ಮೇಲೆ ಹರಿದಾಡುವ ಗೆರೆ

ಮರಳಿನಲ್ಲಿ ಇನ್ನೊಂದು ಹುಳುವಿನ ಕಾಟವಿದೆ, ನಾಯಿ ಬೆಕ್ಕುಗಳ ಕೊಕ್ಕೆಹುಳು. ಇದರ ಮೊಟ್ಟೆ ಒಂದೆರಡು ದಿನದಲ್ಲೇ ಒಡೆದು, ವಾರದೊಳಗೆ ಮರಿಹುಳು ತೇವದ ಮರಳಿನಲ್ಲಿ ಸಿದ್ಧವಾಗಿ ಕಾಯುತ್ತದೆ. ಇದಕ್ಕೆ ಬಾಯಿ ಬೇಕಿಲ್ಲ. ಬರಿಗಾಲಿನ ಚರ್ಮವನ್ನೇ ಕೊರೆದು ಒಳಹೋಗುತ್ತದೆ. ಮನುಷ್ಯನ ಚರ್ಮದ ಕೆಳಗೆ ದಾರಿ ಸಿಗದೆ ಅಡ್ಡಾದಿಡ್ಡಿ ಓಡಾಡುತ್ತದೆ. ಪಾದದ ಮೇಲೆ, ತೊಡೆ ಪೃಷ್ಠದ ಮೇಲೆ ದಾರದಂತೆ ಕೆಂಪು ಗೆರೆ, ತಡೆಯಲಾರದ ತುರಿಕೆ, ದಿನದಿನಕ್ಕೆ ಮುಂದುವರಿಯುವ ತುದಿ. ಗೆರೆ ಮುಂದಕ್ಕೆ ಸಾಗುವುದೇ ಇದರ ಗುರುತು. ಹಳ್ಳಿಯಲ್ಲಿ ಇದನ್ನು ಹುಳುಕಡ್ಡಿ ಎಂದು ತಿಳಿದು ಮುಲಾಮು ತಿಕ್ಕುತ್ತಾರೆ. ವೈದ್ಯರಿಗೆ ತೋರಿಸಿದರೆ ಸುಲಭವಾಗಿ ಗುಣವಾಗುತ್ತದೆ. ಈ ಮರಿಹುಳುವಿಗೆ ಒಣಹವೆ, ಬಿಸಿಲು ಆಗದು. ಚಪ್ಪಲಿಯಿಂದ ಬಹುಮಟ್ಟಿಗೆ ತಪ್ಪಿಸಬಹುದು. ಮೊದಲು ಹೇಳಿದ ದುಂಡುಹುಳುವಿನಷ್ಟು ಹಠಮಾರಿಯಲ್ಲ.

ಈಗ ಕರುವಿನ ವಿಷಯ

ಆ ಹುಡುಗನ ತಂದೆ ನನ್ನ ಬಳಿ ಬಂದ ವಾರವೇ ಅವರ ಕೊಟ್ಟಿಗೆಗೆ ಹೋಗಿದ್ದೆ. ಒಂದು ತಿಂಗಳ ಎಮ್ಮೆಗರು ಒಂದು ಮೂಲೆಯಲ್ಲಿ ಬಿದ್ದಿತ್ತು. ಕೆಸರಿನ ಬಣ್ಣದ ದುರ್ವಾಸನೆಯ ಭೇದಿ, ಹೊಟ್ಟೆ ಡೊಳ್ಳು, ರೋಮ ಎದ್ದುನಿಂತಿದೆ, ಬಾಯಿಯ ಹತ್ತಿರ ಬಗ್ಗಿದರೆ ಕೆಟ್ಟ ಬೆಣ್ಣೆಯಂಥ ವಾಸನೆ. ಅದು ಉಳಿಯಲಿಲ್ಲ. ಹೊಟ್ಟೆ ಕೊಯ್ದು ನೋಡಿದಾಗ ಕರುಳಿನಲ್ಲಿ ಗೇಣುದ್ದ, ಗೇಣಿಗೂ ಮಿಕ್ಕಿದ ಬಿಳಿಹುಳುಗಳು ಹಗ್ಗದಂತೆ ಹೆಣೆದುಕೊಂಡಿದ್ದವು. ನಾಯಿಯ ಹುಳುವಿನ ಒಡಹುಟ್ಟು ಇದು, ಟಾಕ್ಸೊಕಾರಾ ವಿಟುಲೋರಮ್. ಎಮ್ಮೆಗರುಗಳಿಗೆ ಹೆಚ್ಚು, ಹಸುವಿನ ಕರುಗಳಿಗೂ ಉಂಟು.

ಒಂದು ತಿಂಗಳ ಕರು ಹುಲ್ಲು ತಿಂದಿಲ್ಲ, ಮೇಯಲು ಹೋಗಿಲ್ಲ. ಹುಳು ಬಂದದ್ದು ಎಲ್ಲಿಂದ? ತಾಯಿಯ ಹಾಲಿನಿಂದ. ಹಸು ಎಮ್ಮೆಗಳು, ಅದರಲ್ಲೂ ಮಣಕಗಳು, ಕೊಟ್ಟಿಗೆಯ ಸುತ್ತಲಿನ ಮಣ್ಣಿನಿಂದ, ಮಣ್ಣು ಮೆತ್ತಿದ ಮೇವಿನಿಂದ ಈ ಮೊಟ್ಟೆಗಳನ್ನು ನುಂಗುತ್ತವೆ. ಮರಿಹುಳುಗಳು ಅವುಗಳ ಮೈಯಲ್ಲಿ ಯಾವ ತೊಂದರೆಯನ್ನೂ ಕೊಡದೆ ಮಲಗಿರುತ್ತವೆ. ಕರು ಹಾಕುವ ಕಾಲಕ್ಕೆ ಎಚ್ಚೆತ್ತು ಕೆಚ್ಚಲಿಗೆ ಬಂದು, ಗಿಣ್ಣು ಹಾಲು ಹಾಗೂ ಆರಂಭದ ದಿನಗಳ ಹಾಲಿನ ಜೊತೆ ಕರುವಿನ ಹೊಟ್ಟೆ ಸೇರುತ್ತವೆ. ಮೂರು ವಾರ ತುಂಬುವ ಹೊತ್ತಿಗೆ ಕರು ಲಕ್ಷಗಟ್ಟಲೆ ಮೊಟ್ಟೆಗಳನ್ನು ನೆಲಕ್ಕೆ ಹಾಕಲು ಶುರು. ನಾಲ್ಕೈದು ತಿಂಗಳಾಗುವ ಹೊತ್ತಿಗೆ ಉಳಿದುಕೊಂಡ ಕರು ತಾನಾಗಿ ಹುಳುಗಳನ್ನು ಹೊರಹಾಕುತ್ತದೆ. ಆದರೆ ನೆಲ ಅಷ್ಟರಲ್ಲಿ ಹಾಳಾಗಿರುತ್ತದೆ. ಆ ನೆಲದಿಂದ ಮುಂದಿನ ಮಣಕಕ್ಕೆ, ಅದರಿಂದ ಅದರ ಕರುವಿಗೆ.

ನಾಯಿಯಲ್ಲಿಯೂ ಇದೇ ಬಗೆ. ಅಲ್ಲಿ ತಾಯಿಯ ಮೈಯಲ್ಲಿ ಮಲಗಿದ್ದ ಮರಿಹುಳುಗಳು ಮರಿ ಇನ್ನೂ ಗರ್ಭದಲ್ಲಿರುವಾಗಲೇ ಅದಕ್ಕೆ ದಾಟುತ್ತವೆ, ಉಳಿದವು ಹಾಲಿನಲ್ಲಿ ಬರುತ್ತವೆ. ಆದುದರಿಂದ ನಾಯಿಮರಿಗೆ ಹುಳು ಇದೆಯೇ ಇಲ್ಲವೇ ಎಂದು ಚರ್ಚಿಸುವ ಅಗತ್ಯವೇ ಇಲ್ಲ. ಇದೆ ಎಂದೇ ಹಿಡಿಯಬೇಕು. ಮೂರು ವಾರಕ್ಕೆ ಅದರ ಮಲದಲ್ಲಿ ಮೊಟ್ಟೆ ಬರುತ್ತದೆ. ದೊಡ್ಡ ನಾಯಿಗಳಿಗಿಂತ ಆರು ತಿಂಗಳೊಳಗಿನ ಮರಿಗಳು ಮತ್ತು ಹಾಲೂಡುವ ತಾಯಿಯೇ ಮಣ್ಣನ್ನು ಹೆಚ್ಚು ಕೆಡಿಸುವುದು. ಅಂದರೆ ಮಕ್ಕಳು ಎತ್ತಿ ಮುದ್ದಾಡುವ ವಯಸ್ಸಿನ ಮರಿಗಳೇ.

ಮೈಯಲ್ಲಿ ಮಲಗಿರುವ ಮರಿಹುಳುಗಳಿಗೆ ತಾಯಿಗೆ ಕೊಡುವ ಸಾಮಾನ್ಯ ಔಷಧ ಮುಟ್ಟುವುದಿಲ್ಲ. "ಹಸುವಿಗೆ ಜಂತು ಔಷಧ ಹಾಕಿಸಿದ್ದೇವಲ್ಲ, ಕರುವಿಗೆ ಯಾಕೆ ಬಂತು?" ಎಂದು ಕೇಳುವವರಿಗೆ ಇದೇ ಉತ್ತರ. ನಮ್ಮ ಕೈಗೆ ಹುಳು ಸಿಗುವುದು ಒಂದೇ ಸಮಯದಲ್ಲಿ: ಅದು ಕರುವಿನ ಅಥವಾ ಮರಿಯ ಕರುಳಿಗೆ ಬಂದು, ಇನ್ನೂ ಮೊಟ್ಟೆ ಇಡಲು ಆರಂಭಿಸುವ ಮುನ್ನ. ಆ ಸಮಯ ಹುಟ್ಟಿದ ಎರಡನೇ ವಾರದ ಆಸುಪಾಸು. ಕರುವಿಗೆ 10ರಿಂದ 16 ದಿನದೊಳಗೆ ಒಂದು ಸಲ ಸರಿಯಾದ ಔಷಧ ಬಿದ್ದರೆ ಹಾಲಿನಲ್ಲಿ ಬಂದ ಹುಳು ಬಹುತೇಕ ಎಲ್ಲ ಹೋಗುತ್ತದೆ, ನೆಲಕ್ಕೆ ಮೊಟ್ಟೆ ಬೀಳುವುದೇ ಇಲ್ಲ. ಪಿಪರಜಿನ್, ಪೈರಾಂಟೆಲ್ ಇವು ಈ ವಯಸ್ಸಿಗೆ ಒಗ್ಗುವ ಔಷಧಗಳು. ತೂಕ ನೋಡಿ ಪ್ರಮಾಣ ಹೇಳಬೇಕಾದುದರಿಂದ ಇಲ್ಲಿ ಬರೆಯುವುದಿಲ್ಲ, ತಮ್ಮ ಪಶುವೈದ್ಯರನ್ನು ಕೇಳಿರಿ. ನಂತರ ಬೇರೆ ಹುಳುಗಳಿಗಾಗಿ ಆರು ತಿಂಗಳವರೆಗೆ ಅವರು ಹೇಳಿದಂತೆ ಮುಂದುವರಿಸಬೇಕು. ನಾಯಿಮರಿಗೆ ಎರಡು ವಾರಕ್ಕೆ ಮೊದಲ ಸಲ, ಎಂಟು ವಾರದವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಮರಿಗೆ ಕೊಟ್ಟಾಗಲೆಲ್ಲ ತಾಯಿಗೂ ಕೊಡಬೇಕು, ಏಕೆಂದರೆ ಅದು ಮರಿಗಳ ಮಲವನ್ನು ನೆಕ್ಕಿ ಮತ್ತೆ ಹುಳು ಹತ್ತಿಸಿಕೊಳ್ಳುತ್ತದೆ.

ಹಾಲಿನಲ್ಲಿ ಹುಳು ಬರುತ್ತದೆಂದು ಓದಿ ಯಾರೂ ದಯವಿಟ್ಟು ಕರುವಿಗೆ ಗಿಣ್ಣು ಹಾಲು ತಪ್ಪಿಸಬೇಡಿರಿ. ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಕುಡಿಯದ ಕರು ಹುಳುವಿಗಿಂತ ಮೊದಲೇ ಬೇರೆ ರೋಗಕ್ಕೆ ತುತ್ತಾಗುತ್ತದೆ. ಗಿಣ್ಣು ಕುಡಿಸಿ, ಎರಡನೇ ವಾರ ಔಷಧ ಹಾಕಿ.

ಔಷಧದ ಬಾಟಲಿಯ ಬಗ್ಗೆ ಎರಡು ಮಾತು. ರಾಸುಗಳಿಗೆ ತಂದು ಉಳಿದ ಔಷಧವನ್ನು ಅಂದಾಜಿನ ಮೇಲೆ ನಾಯಿಗೆ ಚುಚ್ಚುವುದು, ಮಕ್ಕಳಿಗೆ ಒಂದು ಚಮಚ ಕುಡಿಸುವುದು ಎರಡನ್ನೂ ನಾನು ಕಂಡಿದ್ದೇನೆ. ಎರಡೂ ಪ್ರಾಣಕ್ಕೆ ಸಂಚಕಾರ. ಹಾಗೆಯೇ ಗಬ್ಬದ ಆರಂಭದ ತಿಂಗಳುಗಳಲ್ಲಿ ಹಸುವಿಗೆ ಆಲ್ಬೆಂಡಜೋಲ್ ಕೊಡಬಾರದು. ಹಾಲು ಕೊಡುವ ರಾಸಿಗೆ ಯಾವ ಜಂತುನಾಶಕ ಹಾಕಿದರೂ ಎಷ್ಟು ದಿನ ಡೇರಿಗೆ ಹಾಲು ಹಾಕಬಾರದೆಂದು ಕೇಳಿ ತಿಳಿದುಕೊಳ್ಳಬೇಕು.

ಊರಿನ ಮಟ್ಟಿಗೆ ಮಾಡಬಹುದಾದುದು

ಮರಳು ಇಳಿಸಿದ ದಿನವೇ ಟಾರ್ಪಾಲು ಅಥವಾ ಹಳೆಯ ಪಶು ಆಹಾರದ ಚೀಲಗಳನ್ನು ಹೊಲಿದು ಮುಚ್ಚಿ, ಅಂಚಿಗೆ ಕಲ್ಲು ಹೇರಿರಿ. ವಿಶೇಷವಾಗಿ ರಾತ್ರಿ ಹೊತ್ತು. ತಿಂಗಳುಗಟ್ಟಲೆ ಬಿದ್ದ ಮರಳಾದರೆ ಅದನ್ನು ಮಕ್ಕಳಿಗೆ ಬಿಟ್ಟುಕೊಡದೆ ಗಾರೆಗೆ ಬಳಸಿ ಮುಗಿಸುವುದೇ ವಾಸಿ. ಅಂಗನವಾಡಿಗೆ ಮಕ್ಕಳ ಆಟಕ್ಕೆಂದೇ ಮರಳು ಹಾಕಿಸುವುದಾದರೆ ಮುಚ್ಚಳವಿರುವ ಸಣ್ಣ ತೊಟ್ಟಿ ಕಟ್ಟಿಸಿ. ಶಾಲೆಯ ಕಾಂಪೌಂಡಿನಲ್ಲಿ ನಾಯಿ ನುಸುಳುವ ಕಿಂಡಿ ಎಲ್ಲಿದೆ ಎಂಬುದು ಮೇಷ್ಟರಿಗಿಂತ ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರನ್ನೇ ಕೇಳಿ ಮುಚ್ಚಿಸಿ.

ನಾಯಿ ಮಲವನ್ನು ದಿನವೂ ಸಲಿಕೆಯಿಂದ ಎತ್ತಿ ಆಳವಾಗಿ ಹೂಳಿದರೆ ದುಂಡುಹುಳುವಿನ ಮೊಟ್ಟೆ ಬಲಿಯುವ ಮೊದಲೇ ಜಾಗ ಖಾಲಿಯಾಗುತ್ತದೆ. ಎರಡು ಮೂರು ವಾರದ ಅವಕಾಶ ನಮ್ಮ ಕಡೆಗಿದೆ ಎಂಬುದನ್ನು ಮರೆಯಬೇಡಿ. ಕೈ ಮುಟ್ಟಿಸದೆ ಎತ್ತಬೇಕು, ಏಕೆಂದರೆ ನಾಯಿಯ ಲಾಡಿಹುಳು ಒಂದರ ಮೊಟ್ಟೆ ಹಸಿಮಲದಲ್ಲಿದ್ದಾಗಲೇ ಅಪಾಯಕಾರಿ. ಹಬ್ಬ ಜಾತ್ರೆಯಲ್ಲಿ ಕುರಿ ಕೊಯ್ದಾಗ ನೀರುಗುಳ್ಳೆ ಇರುವ ಈಲಿ, ಶ್ವಾಸಕೋಶವನ್ನು ನಾಯಿಗೆ ಎಸೆಯುತ್ತಾರಲ್ಲ, ಅದರಿಂದಲೇ ನಾಯಿಗೆ ಈ ಲಾಡಿಹುಳು ಬರುವುದು. ಮನುಷ್ಯರ ಈಲಿಯಲ್ಲಿ ತೆಂಗಿನಕಾಯಿ ಗಾತ್ರದ ನೀರುಗುಳ್ಳೆ ಬೆಳೆಯಲು ಅದು ಕಾರಣ. ಅಂಥ ಅಂಗಗಳನ್ನು ಹೂಳಿಬಿಡಿ. ಕರು ಹಾಕಿದಾಗ ಬೀಳುವ ಮಾಸನ್ನೂ, ಕಂದು ಹಾಕಿದ ಕರುವನ್ನೂ ನಾಯಿಗೆ ಸಿಗದಂತೆ ಹೂಳಬೇಕು. ನಿಯೋಸ್ಪೋರಾ ಎಂಬ ಪರಾವಲಂಬಿ ಈ ದಾರಿಯಲ್ಲಿ ನಾಯಿಗೆ ಹೋಗಿ, ನಾಯಿಯ ಮಲದಿಂದ ಮೇವಿಗೆ ಬಿದ್ದು, ಐದಾರು ತಿಂಗಳ ಗಬ್ಬದ ಹಸು ಕಂದು ಹಾಕುವಂತೆ ಮಾಡುತ್ತದೆ. ಹುಲ್ಲಿನ ಬಣವೆಯ ಮೇಲೆ, ಗೋದಲಿಯಲ್ಲಿ ನಾಯಿ ಮಲಗುವುದನ್ನು ಈ ಕಾರಣದಿಂದಲೂ ತಪ್ಪಿಸಬೇಕು.

ಕರುವಿನ ಸಗಣಿಯನ್ನು ಕೊಟ್ಟಿಗೆಯ ಬಾಗಿಲಲ್ಲೇ ಗುಡಿಸಿ ಬಿಡದೆ ತಿಪ್ಪೆಯ ನಡುಭಾಗಕ್ಕೆ ಹಾಕಿ ಮೇಲೆ ದೊಡ್ಡ ರಾಸಿನ ಸಗಣಿ, ಕಸಕಡ್ಡಿ ಮುಚ್ಚಿ. ಚೆನ್ನಾಗಿ ಕೊಳೆಯುತ್ತಿರುವ ತಿಪ್ಪೆಯ ಒಡಲು 55ರಿಂದ 60 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ, ಅಲ್ಲಿ ಮೊಟ್ಟೆ ಬದುಕದು. ಅಂಚಿನಲ್ಲಿ ಬದುಕುತ್ತದೆ, ಆದ್ದರಿಂದ ತಿಪ್ಪೆಯನ್ನು ಮಗುಚಬೇಕು. ಗೋಬರ್ ಗ್ಯಾಸ್ ಗುಂಡಿಯ ಶಾಖ ಇದಕ್ಕೆ ಸಾಲದು. ಬಗ್ಗಡವನ್ನು ನೇರವಾಗಿ ಸೊಪ್ಪಿನ ಮಡಿಗೆ ಬಿಡುವವರು ಮೊದಲು ತಿಪ್ಪೆಯಲ್ಲಿ ಕೊಳೆಸಿಕೊಳ್ಳಲಿ. ಕರುವಿನ ಜಾಗಕ್ಕೆ ಕಲ್ಲುಚಪ್ಪಡಿ ಅಥವಾ ಸಿಮೆಂಟು ಹಾಸಿದರೆ ಕುದಿನೀರು ಹಾಕಿ ತೊಳೆಯಬಹುದು. ಮಣ್ಣಿನ ನೆಲವಾದರೆ ಮೇಲಿನ ಒಂದು ಗೇಣು ಮಣ್ಣನ್ನು ವರ್ಷಕ್ಕೊಮ್ಮೆ ತೆಗೆದು ಹೊಸ ಮಣ್ಣು ತುಂಬುವ ಹಳೆಯ ಪದ್ಧತಿ ಒಳ್ಳೆಯದು. ಅದನ್ನು ಬಿಟ್ಟವರು ಮತ್ತೆ ಪ್ರಾರಂಭಿಸಲಿ.

ನಾಯಿಗಳನ್ನೇ ಊರಿಂದ ಇಲ್ಲದಂತೆ ಮಾಡಿಬಿಡೋಣ ಎನ್ನುವವರಿದ್ದಾರೆ. ಕೊಲ್ಲುವುದು ಕಾನೂನಿಗೆ ವಿರುದ್ಧ. ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆಯ ಹೊಣೆಯನ್ನು 2023ರ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ, ಗ್ರಾಮಸಭೆಯಲ್ಲಿ ಕೇಳಿರಿ. ಮರಿ ಹುಟ್ಟುವುದು ಕಡಿಮೆಯಾದರೆ ಹುಳುವೂ ಕಡಿಮೆ. ಅದು ಆಗುವವರೆಗೆ, ಡೇರಿಯ ಮುಂದೆ ಹಾಲು ಚೆಲ್ಲಿ ನಾಯಿ ಸಾಕುತ್ತಿರುವವರು ನಾವೇ ಆದುದರಿಂದ, ಅವುಗಳಿಗೆ ಔಷಧ ಕೊಡುವುದೂ ನಮ್ಮ ಲೆಕ್ಕಕ್ಕೆ ಬರುತ್ತದೆ ಎಂದು ನನ್ನ ಅಭಿಪ್ರಾಯ. ಪರೀಕ್ಷೆಯ ಹಾಲನ್ನು ಮೋರಿಗೆ ಸುರಿದು ನೀರು ಹಾಕುವುದು ಇನ್ನೂ ಸುಲಭದ ಕೆಲಸ.

ಆ ಹುಡುಗನ ಅಜ್ಜಿ ಇದನ್ನೆಲ್ಲ ಕೇಳಿಸಿಕೊಂಡು ಕೊನೆಗೆ, "ಡಾಕ್ಟ್ರಪ್ಪಾ, ನಾವೂ ಮಣ್ ತಿಂದ್ಕಂಡೇ ಬೆಳದ್ವಿ. ಕೃಷ್ಣ ಪರಮಾತ್ಮನೇ ಮಣ್ಣು ತಿಂದ. ಆಗ ಇಲ್ದಿದ್ದು ಈಗ್ಯಾಕೆ?" ಎಂದರು. "ಆಗಲೂ ಇತ್ತು ಅವ್ವಾ. ಕಣ್ಣು ಹೋದವರನ್ನು ದೇವರ ಶಾಪ ಅಂದುಬಿಡುತ್ತಿದ್ದರು, ಅಷ್ಟೇ" ಎಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಚಿಕ್ಕಪ್ಪಂಗೊಂದು ಕಣ್ಣಿರನಿಲ್ಲ" ಎಂದರು. ಅದು ಈ ಹುಳುವಿನಿಂದಲೋ ಬೇರೆಯದರಿಂದಲೋ, ಈಗ ಹೇಳುವವರಿಲ್ಲ.

ಹುಡುಗ ಈಗ ಮೂರನೇ ತರಗತಿಯಲ್ಲಿದ್ದಾನೆ, ಮುಂದಿನ ಬೆಂಚಿನಲ್ಲಿ ಕೂರಿಸುತ್ತಾರೆ. ಮರಳು ಗುಡ್ಡೆ ಕರಗಿ ಕೊಠಡಿಯಾಗಿದೆ. ಆ ಸಂಘದ ಕಾರ್ಯದರ್ಶಿಗಳು ಹಾಲಿನ ದರ, ಫ್ಯಾಟು ಬರೆಯುವ ಹಲಗೆಯ ಒಂದು ಮೂಲೆಯನ್ನು ಗೆರೆ ಎಳೆದು ಬೇರೆ ಮಾಡಿದ್ದಾರೆ. ಯಾರ ಮನೆಯಲ್ಲಿ ಕರು ಹುಟ್ಟಿದರೂ ಮರುದಿನ ಹಾಲು ಹಾಕಲು ಬಂದಾಗ ಹೆಸರು, ತಾರೀಖು ಬರೆಸುತ್ತಾರೆ. ಪಕ್ಕದಲ್ಲಿ ಎರಡನೇ ವಾರದ ತಾರೀಖನ್ನು ಕೆಂಪು ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಊರಲ್ಲಿ ನಾಯಿ ಮರಿ ಹಾಕಿದರೆ ಮಕ್ಕಳೇ ಓಡಿಬಂದು ಹೇಳುತ್ತಾರೆ, ಅದನ್ನೂ ಬರೆಯುತ್ತಾರೆ. ಕಳೆದ ಸಲ ನಾನು ಹೋದಾಗ ಹಲಗೆಯಲ್ಲಿ ನಾಲ್ಕು ಕರು, ಒಂದು ನಾಯಿ ಇದ್ದವು. ನಾಯಿಯ ಹೆಸರಿನ ಮುಂದೆ ಮಾಲೀಕರು ಎಂಬಲ್ಲಿ "ಸಂಘ" ಎಂದು ಬರೆದಿತ್ತು.